ಜಗಲಿಯ ಮೀಟರು, ವಿಧಾನಸೌಧದ ಲೆಕ್ಕ

ಹಲಸೂರು ಕೆರೆಯ ಬದಿಯಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ಇಂದಿರಾನಗರದ ಮಗ್ಗುಲಲ್ಲಿ ಹಾದು ಬೈಯಪ್ಪನಹಳ್ಳಿ ಸಿಗುತ್ತದೆ. ಅಲ್ಲಿ ಎನ್‌ಜಿಇಎಫ್ ಎಂಬ ದೊಡ್ಡ ಕಾರ್ಖಾನೆಯೊಂದಿತ್ತು. ಹೆಸರನ್ನು ಬಿಡಿಸಿ ಓದಿದರೆ ‘ಹೊಸ ಸರ್ಕಾರಿ ವಿದ್ಯುತ್ ಕಾರ್ಖಾನೆ’ ಎಂದಾಗುತ್ತದೆ. 1960ರ ದಶಕದಲ್ಲಿ ಆರಂಭವಾದ ಈ ಕಾರ್ಖಾನೆಯ ಟ್ರಾನ್ಸ್‌ಫಾರ್ಮರುಗಳು ನಾಡಿನ ಎಷ್ಟೋ ಊರುಗಳಿಗೆ ದೀಪ ತಂದವು. ಇದರ ಮೋಟಾರುಗಳು ಎಷ್ಟೋ ಬಾವಿಗಳಿಂದ ನೀರೆತ್ತಿದವು. 2000ದ ದಶಕದ ಆರಂಭದಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ, ಕೃಷ್ಣರಾಜಪುರದ ಸಮೀಪ, ದೂರವಾಣಿನಗರವಿದೆ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಇಲ್ಲಿ ಐಟಿಐ, ಅಂದರೆ ಭಾರತೀಯ ದೂರವಾಣಿ ಕಾರ್ಖಾನೆ, ಹುಟ್ಟಿಕೊಂಡಿತು. ಒಂದು ಕಾಲಕ್ಕೆ ಅಂಚೆ ಕಚೇರಿಯಿಂದ ಹಿಡಿದು ಮಂತ್ರಿಗಳ ಮೇಜಿನವರೆಗೆ ಕಾಣುತ್ತಿದ್ದ ಕಪ್ಪು ಟೆಲಿಫೋನುಗಳು ಇಲ್ಲಿಂದ ಹೋದವು.

ಒಂದು ವಿದ್ಯುತ್ತಿನ ಕಾರ್ಖಾನೆ, ಇನ್ನೊಂದು ಸುದ್ದಿ ಸಾಗಿಸುವ ಉಪಕರಣಗಳ ಕಾರ್ಖಾನೆ. ನಡುವೆ ಕೆಲವೇ ಕಿಲೋಮೀಟರು ದಾರಿ. ಆ ದಿನಗಳಲ್ಲಿ ಇವೆರಡೂ ಬೇರೆ ಬೇರೆ ಜಗತ್ತುಗಳು. ವಿದ್ಯುತ್ ಮಂಡಳಿಯ ತಂತಿ ಒಂದು ಕಂಬದಲ್ಲಿ, ಟೆಲಿಫೋನ್ ಇಲಾಖೆಯ ತಂತಿ ಇನ್ನೊಂದು ಕಂಬದಲ್ಲಿ ಹೋಗುತ್ತಿದ್ದವು. ಇಂದು ಇವೆರಡೂ ಒಂದಾಗಿ, ಅಂಗೈಯಗಲದ ಒಂದು ಪೆಟ್ಟಿಗೆಯೊಳಗೆ ಕುಳಿತಿವೆ. ಆ ಪೆಟ್ಟಿಗೆ ಮನೆಯ ಬಾಗಿಲ ಬಳಿ, ಮೆಟ್ಟಿಲ ಕೆಳಗೆ ಅಥವಾ ವಠಾರದ ಗೋಡೆಯಲ್ಲಿ ಇರುತ್ತದೆ. ಅದು ವಿದ್ಯುತ್ ಮೀಟರು.

ತಿಂಗಳಿಗೊಮ್ಮೆ ಬೆಸ್ಕಾಂ ಸಿಬ್ಬಂದಿ ಬಂದು ಬಿಲ್ಲು ಹರಿದು ಕೊಟ್ಟಾಗ ಮಾತ್ರ ನಮಗೆ ಮೀಟರಿನ ನೆನಪು ಬರುತ್ತದೆ. ಆದರೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಕರ್ನಾಟಕ ಸರ್ಕಾರ ವಿದ್ಯುತ್ತಿನ ಬಗ್ಗೆ ತೆಗೆದುಕೊಂಡ ದೊಡ್ಡ ತೀರ್ಮಾನಗಳಲ್ಲಿ ಬಹುಪಾಲು ಈ ಪೆಟ್ಟಿಗೆ ಏನನ್ನು ಅಳೆಯಬಲ್ಲದು, ಏನನ್ನು ಅಳೆಯಲಾರದು ಎಂಬುದರ ಮೇಲೆ ನಿಂತಿವೆ. ಉಚಿತ ವಿದ್ಯುತ್ ಯಾರಿಗೆ ಎಷ್ಟು, ಮಹಡಿಯ ಮೇಲಿನ ಸೌರ ಫಲಕಕ್ಕೆ ಎಷ್ಟು ದುಡ್ಡು, ರೈತನ ಪಂಪಿಗೆ ಹಗಲು ಕರೆಂಟೋ ರಾತ್ರಿ ಕರೆಂಟೋ ಎಂಬ ಪ್ರಶ್ನೆಗಳೆಲ್ಲ ಈ ಪೆಟ್ಟಿಗೆಯ ಬಳಿಗೇ ಬರುತ್ತವೆ.

ಸತುವಿನ ತಟ್ಟೆಯಿಂದ ಕೆಂಪು ದೀಪದವರೆಗೆ

ವಿದ್ಯುತ್ತನ್ನು ಮಾರಲು ಹೊರಟ ಮೊದಲಿಗರಿಗೆ ಎದುರಾದ ತೊಡಕೆಂದರೆ ಅಳತೆ. ಹಾಲನ್ನು ಪಾವಿನಲ್ಲಿ ಅಳೆಯಬಹುದು, ಸೌದೆಯನ್ನು ತೂಗಬಹುದು. ಕಣ್ಣಿಗೆ ಕಾಣದ ವಿದ್ಯುತ್ತನ್ನು ಅಳೆಯುವುದು ಹೇಗೆ? 1880ರ ದಶಕದಲ್ಲಿ ಅಮೆರಿಕದ ಎಡಿಸನ್ ಕಂಡುಕೊಂಡ ಉಪಾಯ ಸ್ವಾರಸ್ಯವಾಗಿದೆ. ಗಿರಾಕಿಯ ಮನೆಯಲ್ಲಿ ಸತುವಿನ ಸಲ್ಫೇಟ್ ದ್ರಾವಣವಿರುವ ಒಂದು ಜಾಡಿ ಇಡುವುದು, ಅದರಲ್ಲಿ ಎರಡು ಸತುವಿನ ತಟ್ಟೆಗಳನ್ನು ಮುಳುಗಿಸುವುದು. ವಿದ್ಯುತ್ತು ಹರಿದಂತೆ ಒಂದು ತಟ್ಟೆಯ ಸತು ಕರಗಿ ಇನ್ನೊಂದಕ್ಕೆ ಅಂಟುತ್ತದೆ. ತಿಂಗಳ ಕೊನೆಗೆ ತಟ್ಟೆಯನ್ನು ತಕ್ಕಡಿಗೆ ಹಾಕಿ ಬಿಲ್ಲು ಬರೆಯುವುದು! ಪ್ರೌಢಶಾಲೆಯ ಪುಸ್ತಕದಲ್ಲಿ ಬರುವ ವಿದ್ಯುದ್ವಿಭಜನೆಯೇ ಇಲ್ಲಿ ಗುಮಾಸ್ತನ ಕೆಲಸ ಮಾಡುತ್ತಿತ್ತು.

ಪರ್ಯಾಯ ವಿದ್ಯುತ್ತು ಬಂದ ಮೇಲೆ ಜಾಡಿ ಕೆಲಸಕ್ಕೆ ಬಾರದಾಯಿತು. 1889ರಲ್ಲಿ ಹಂಗೆರಿಯ ಒಟ್ಟೊ ಬ್ಲಾಥಿ ತಿರುಗುವ ಚಕ್ರದ ಮೀಟರನ್ನು ರೂಪಿಸಿದ. ನಮ್ಮ ಹಳೆಯ ಮನೆಗಳಲ್ಲಿ ಗಾಜಿನ ಹಿಂದೆ ಸದ್ದಿಲ್ಲದೆ ಸುತ್ತುತ್ತಿದ್ದ ಅಲ್ಯೂಮಿನಿಯಂ ತಟ್ಟೆ ಇದರದೇ ಸಂತಾನ. ವೋಲ್ಟೇಜಿನದೊಂದು ಸುರುಳಿ, ಕರೆಂಟಿನದೊಂದು ಸುರುಳಿ. ಎರಡೂ ಸೇರಿ ತಟ್ಟೆಯಲ್ಲಿ ಸುಳಿಪ್ರವಾಹಗಳನ್ನು ಹುಟ್ಟಿಸಿ ಅದನ್ನು ತಳ್ಳುತ್ತವೆ. ಪಕ್ಕದಲ್ಲಿರುವ ಕಾಯಂ ಅಯಸ್ಕಾಂತ ತಟ್ಟೆಗೆ ಬ್ರೇಕು ಹಾಕುತ್ತದೆ. ಈ ತಳ್ಳಾಟ ಎಳೆದಾಟದಲ್ಲಿ ತಟ್ಟೆಯ ವೇಗ ಬಳಕೆಯಾಗುತ್ತಿರುವ ವಿದ್ಯುತ್ತಿಗೆ ಸರಿಸಮನಾಗಿ ನಿಲ್ಲುತ್ತದೆ. ಇಸ್ತ್ರಿಪೆಟ್ಟಿಗೆ ಹಾಕಿದ ಕೂಡಲೇ ತಟ್ಟೆ ಬಿರುಸಾಗಿ ತಿರುಗುವುದನ್ನು ನೋಡಿ ಅಮ್ಮಂದಿರು “ಬೇಗ ಮುಗಿಸೋ, ಚಕ್ರ ಓಡ್ತಿದೆ” ಎಂದು ಗದರುತ್ತಿದ್ದ ಕಾಲವೊಂದಿತ್ತು.

ಈಗಿನ ಮೀಟರಿನಲ್ಲಿ ತಿರುಗುವ ಭಾಗವೇ ಇಲ್ಲ. ಅದು ವೋಲ್ಟೇಜು ಮತ್ತು ಕರೆಂಟುಗಳನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಗುಣಿಸಿ, ಕೂಡಿಡುತ್ತದೆ. ಮುಂಭಾಗದಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ. ಅದು 3200 ಎಂದಿಟ್ಟುಕೊಳ್ಳಿ. ದೀಪ ನಿಮಿಷಕ್ಕೆ 16 ಸಲ ಮಿನುಗಿದರೆ ಗಂಟೆಗೆ 960 ಸಲವಾಯಿತು. 960ನ್ನು 3200ರಿಂದ ಭಾಗಿಸಿದರೆ 0.3. ಅಂದರೆ ಮನೆಯಲ್ಲಿ ಆ ಹೊತ್ತಿಗೆ 300 ವಾಟ್ ಖರ್ಚಾಗುತ್ತಿದೆ. ಎಲ್ಲ ಸ್ವಿಚ್ಚನ್ನೂ ಆರಿಸಿದ ಮೇಲೂ ದೀಪ ಆಗಾಗ ಮಿನುಗುತ್ತಿದ್ದರೆ ಎಲ್ಲೋ ಒಂದು ಟಿ.ವಿ. ಅಥವಾ ಚಾರ್ಜರು ಗುಟ್ಟಾಗಿ ಕುಡಿಯುತ್ತಿದೆ ಎಂದರ್ಥ. ಒಂಬತ್ತನೇ ತರಗತಿಯ ಹುಡುಗ ಹುಡುಗಿಯರು ಒಂದು ಸಂಜೆ ಮಾಡಿ ನೋಡಬಹುದಾದ ಪ್ರಯೋಗವಿದು. ಮೀಟರನ್ನು ಮುಟ್ಟಬಾರದು, ಮುಚ್ಚಳ ತೆಗೆಯಬಾರದು; ನೋಡಿ ಎಣಿಸಿದರೆ ಸಾಕು.

ಚಕ್ರದ ಮೀಟರಿಗೂ ಅಂಕಿಯ ಮೀಟರಿಗೂ ಇರುವ ಒಂದು ವ್ಯತ್ಯಾಸ ಮುಂದಿನ ಕಥೆಗೆ ಮುಖ್ಯ. ಹಳೆಯ ಚಕ್ರದ ಮೀಟರಿಗೆ ಗೊತ್ತಿದ್ದುದು ಒಂದೇ ಸಂಗತಿ, ಒಟ್ಟು ಎಷ್ಟು ಎಂಬುದು. ಹೊಸದಕ್ಕೆ ಎಷ್ಟು ಎಂಬುದರ ಜೊತೆಗೆ ಯಾವಾಗ, ಯಾವ ದಿಕ್ಕಿಗೆ ಎಂಬುದೂ ಗೊತ್ತು. ಅದರೊಳಗೆ ಫೋನಿನಂತೆ ಸಂದೇಶ ಕಳುಹಿಸುವ ಸಾಧನವನ್ನೂ ಸೇರಿಸಿದರೆ ಅದೇ ‘ಸ್ಮಾರ್ಟ್ ಮೀಟರು’. ಮನೆ ಬಾಗಿಲಿಗೆ ಯಾರೂ ಬರಬೇಕಾಗಿಲ್ಲ, ಅದು ತಾನೇ ವರದಿ ಒಪ್ಪಿಸುತ್ತದೆ.

ಅಳೆದದ್ದು, ಅಳೆಯದ್ದು

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಆಗ ಹಲಸೂರು, ಶಿವಾಜಿನಗರಗಳು ಬ್ರಿಟಿಷರ ದಂಡು ಪ್ರದೇಶಕ್ಕೆ ಸೇರಿದ್ದವು. ಪೇಟೆ ಬೆಂಗಳೂರು ಮಾತ್ರ ಮೈಸೂರು ಸಂಸ್ಥಾನದ್ದು. 1947ರಲ್ಲಿ ದಂಡು ಮೈಸೂರಿಗೆ ಮರಳಿತು. 1957ರಲ್ಲಿ ವಿದ್ಯುತ್ ಮಂಡಳಿ ಬಂತು. 1999ರಲ್ಲಿ ಮಂಡಳಿ ಹೋಗಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಅದರಿಂದ ಬೆಸ್ಕಾಂ ಮೊದಲಾದ ಕಂಪೆನಿಗಳು ಬೇರೆಯಾದವು. ಹೆಸರುಗಳು ಬದಲಾದವೇ ಹೊರತು ಜನರ ಬಾಯಲ್ಲಿ ಇವತ್ತಿಗೂ ಅದು ‘ಕೆಇಬಿ’ಯೇ!

ಈ ನೂರಕ್ಕೂ ಮೀರಿದ ವರ್ಷಗಳಲ್ಲಿ ಒಂದು ಜಾಗಕ್ಕೆ ಮಾತ್ರ ಮೀಟರು ಸರಿಯಾಗಿ ಹೋಗಲೇ ಇಲ್ಲ. ಅದು ರೈತರ ಪಂಪ್‌ಸೆಟ್ಟು. 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ರಾಜ್ಯದಲ್ಲಿ ವಿದ್ಯುತ್ತು ಉಚಿತ. ಬಿಲ್ಲೇ ಇಲ್ಲದ ಮೇಲೆ ಮೀಟರು ಏಕೆ ಎಂದು ರೈತರು ಕೇಳುತ್ತಾರೆ. ಮೀಟರು ಬಂದರೆ ನಾಳೆ ಬಿಲ್ಲೂ ಬಂದೀತೆಂಬ ಅವರ ಅಂಜಿಕೆ ಆಧಾರವಿಲ್ಲದ್ದೇನಲ್ಲ. ಪರಿಣಾಮವೇನೆಂದರೆ, ಈ ಲಕ್ಷಾಂತರ ಪಂಪುಗಳು ಎಷ್ಟು ವಿದ್ಯುತ್ತನ್ನು ಬಳಸುತ್ತವೆ ಎಂಬುದನ್ನು ಕೆಲವು ಟ್ರಾನ್ಸ್‌ಫಾರ್ಮರುಗಳ ಬಳಿ ಅಳೆದು, ಉಳಿದುದನ್ನು ಅಂದಾಜು ಮಾಡುತ್ತಾರೆ. ಆ ಅಂದಾಜಿನ ಮೇಲೆ ಸರ್ಕಾರ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮಿಗಿಲಾದ ಸಹಾಯಧನವನ್ನು ವಿದ್ಯುತ್ ಕಂಪೆನಿಗಳಿಗೆ ತುಂಬಿಕೊಡುತ್ತದೆ. ತಂತಿಯಲ್ಲಿ ಸೋರಿದ್ದೆಷ್ಟು, ಕಳುವಾದದ್ದೆಷ್ಟು, ಹೊಲಕ್ಕೆ ಹೋದದ್ದೆಷ್ಟು ಎಂದು ಬಿಡಿಸಿ ಹೇಳುವುದು ಹೀಗಿರುವಾಗ ಸುಲಭವಲ್ಲ.

ನಗರದ ಮನೆಗಳ ಸಂಗತಿ ಇದಕ್ಕೆ ತೀರ ವಿರುದ್ಧ. ಅಲ್ಲಿ ಮೀಟರು ಎಲ್ಲರ ಮನೆಯಲ್ಲೂ ಇದೆ, ಅದರ ಓದು ತಿಂಗಳು ತಿಂಗಳೂ ಕಂಪ್ಯೂಟರಿನಲ್ಲಿ ಕೂಡಿರುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಸಾಧ್ಯವಾದದ್ದೇ ಇದರಿಂದ. ಆ ವರ್ಷದ ಜೂನ್‌ನಲ್ಲಿ ಸೇವಾಸಿಂಧು ಜಾಲತಾಣದಲ್ಲಿ ನೋಂದಣಿ ಆರಂಭವಾಯಿತು. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂದು ಹೊರಗೆ ಹೇಳಿದರೂ ಒಳಗಿನ ಲೆಕ್ಕ ಬೇರೆ. 2022–23ರ ಆರ್ಥಿಕ ವರ್ಷದಲ್ಲಿ ಆ ಮನೆ ಬಳಸಿದ್ದರ ತಿಂಗಳ ಸರಾಸರಿ ತೆಗೆದು, ಅದಕ್ಕೆ ಶೇಕಡಾ 10 ಸೇರಿಸಿದರೆ ಬರುವುದೇ ಆ ಮನೆಯ ಉಚಿತ ಪಾಲು. ಅದನ್ನು ಮೀರಿದರೆ ಮೀರಿದ್ದಕ್ಕೆ ದುಡ್ಡು. 200ನ್ನೇ ಮೀರಿದರೆ ಇಡೀ ಬಿಲ್ಲಿಗೆ ದುಡ್ಡು. ಹಿಂದಿನ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇಕಡಾ 10 ಸೇರಿಸಿ, 58 ಯೂನಿಟ್ ಎಂದು ಗೊತ್ತುಮಾಡಿದರು.

ಕಂಪ್ಯೂಟರಿಲ್ಲದ ಕಾಲದಲ್ಲಿ ಇಂಥ ಯೋಜನೆಯನ್ನು ಯೋಚಿಸಲೂ ಆಗುತ್ತಿರಲಿಲ್ಲ. ಒಂದು ಕೋಟಿಗೂ ಮಿಕ್ಕ ಮನೆಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಮಿತಿ! ಹಿಂದಿನ ಸರ್ಕಾರಗಳು ಭಾಗ್ಯಜ್ಯೋತಿ ಎಂದು ಬಡವರಿಗೆ ಒಂದು ಬಲ್ಬು ಕೊಟ್ಟಾಗ ಮನೆಮನೆಯ ಲೆಕ್ಕ ಇಡುವ ಗೋಜಿಗೆ ಹೋಗಲಿಲ್ಲ. ಬಲ್ಬನ್ನೇ ಲೆಕ್ಕವಾಗಿ ಇಟ್ಟುಕೊಂಡಿದ್ದರು.

ಆದರೆ ಈ ಜಾಣ ಲೆಕ್ಕದಲ್ಲಿ ಒಂದು ಸೊಟ್ಟ ಇದೆ. ಹಲಸೂರಿನ ಒಂದು ಬೀದಿಯಲ್ಲಿ ಎದುರುಬದುರಾಗಿ ಎರಡು ಮನೆಗಳಿವೆ ಎನ್ನೋಣ. ಒಂದರಲ್ಲಿ ಹಳೆಯ ಟ್ಯೂಬುಲೈಟು ತೆಗೆದು ಎಲ್‌ಇಡಿ ಹಾಕಿದ್ದಾರೆ, ಸ್ನಾನಕ್ಕೆ ಸೌರ ಬಿಸಿನೀರು, ಸರಾಸರಿ 60 ಯೂನಿಟ್. ಅವರ ಪಾಲು 66. ಎದುರು ಮನೆಯಲ್ಲಿ ಗೀಸರು ಬೆಳಗಿನಿಂದ ಉರಿಯುತ್ತದೆ, ಸರಾಸರಿ 180 ಯೂನಿಟ್. ಅವರ ಪಾಲು 198. ಮಿತವಾಗಿ ಬಳಸಿದವರಿಗೆ ಸಿಕ್ಕಿದ್ದು ಮೂರನೆಯ ಒಂದು ಪಾಲು! ತೀರ ಕಡಿಮೆ ಬಳಸುವವರಿಗೆ ಶೇಕಡಾ 10 ಎಂದರೆ ಏನೇನೂ ಅಲ್ಲವೆಂದು ಕಂಡು, 2024ರ ಜನವರಿಯಲ್ಲಿ ಸರ್ಕಾರ 48 ಯೂನಿಟ್‌ಗಿಂತ ಕಡಿಮೆ ಸರಾಸರಿ ಇರುವವರಿಗೆ ಶೇಕಡಾವಾರಿನ ಬದಲು ನೇರವಾಗಿ 10 ಯೂನಿಟ್ ಹೆಚ್ಚಿಗೆ ಕೊಡಲು ತೀರ್ಮಾನಿಸಿತು. ಶಿವಾಜಿನಗರದ ಒಂದು ಕೋಣೆಯ ಮನೆಗೆ ಇದರಿಂದ ಒಂದು ಫ್ಯಾನಿನ ಗಾಳಿ ಹೆಚ್ಚಿಗೆ ಸಿಕ್ಕಿರಬಹುದು. ಆದರೂ ಹಿಂದಿನ ಬಳಕೆಯೇ ಇಂದಿನ ಹಕ್ಕಿಗೆ ಅಳತೆಗೋಲು ಎಂಬ ಮೂಲ ತತ್ವ ಹಾಗೆಯೇ ಉಳಿಯಿತು. ಅಂಕಿ ಅಂಶ ಸುಲಭವಾಗಿ ಕೈಗೆ ಸಿಕ್ಕಿತೆಂದು ಅದನ್ನೇ ನ್ಯಾಯದ ಅಳತೆ ಮಾಡಿಕೊಂಡರೆ ಹೀಗಾಗುತ್ತದೆ.

ಮಹಡಿ ಇದ್ದವರು, ಇಲ್ಲದವರು

ಇನ್ನು ಮಹಡಿಯ ಮೇಲಕ್ಕೆ ಹೋಗೋಣ. ಬೆಂಗಳೂರಿಗೆ ಸೌರಶಕ್ತಿ ಹೊಸದಲ್ಲ. ತಾರಸಿಗಳ ಮೇಲೆ ಇಳಿಜಾರಾಗಿ ಕುಳಿತ ಸೌರ ಬಿಸಿನೀರಿನ ತೊಟ್ಟಿಗಳು ಇಂದಿರಾನಗರದಲ್ಲಿ ಬಹಳ ಹಿಂದಿನಿಂದ ಕಾಣುತ್ತವೆ. ಅವುಗಳಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ, ರಿಯಾಯಿತಿ ಇತ್ತು. ವಿದ್ಯುತ್ತನ್ನೇ ತಯಾರಿಸುವ ಸೌರ ಫಲಕಗಳ ಕಥೆ ಬೇರೆ. ಫಲಕ ಹಗಲಲ್ಲಿ ವಿದ್ಯುತ್ತು ಕೊಡುತ್ತದೆ. ಆಗ ಮನೆಯವರು ಕಚೇರಿಯಲ್ಲಿ, ಮಕ್ಕಳು ಶಾಲೆಯಲ್ಲಿ. ಮನೆಗೆ ಬೇಡವಾದ ವಿದ್ಯುತ್ತು ತಂತಿಯ ಮೂಲಕ ಬೀದಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ಬೀದಿಯಿಂದ ಬರುತ್ತದೆ.

ಚಕ್ರದ ಮೀಟರಾಗಿದ್ದರೆ ಹಗಲು ಹಿಂದಕ್ಕೆ, ರಾತ್ರಿ ಮುಂದಕ್ಕೆ ತಿರುಗುತ್ತಿತ್ತು. ಆಗ ಕೊಟ್ಟ ಯೂನಿಟ್ಟಿಗೂ ಪಡೆದ ಯೂನಿಟ್ಟಿಗೂ ಬೆಲೆ ಒಂದೇ ಆಗುತ್ತದೆ, ಬೇರೆ ದಾರಿಯೇ ಇಲ್ಲ. ಅಂಕಿಯ ಮೀಟರು ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆ ಖಾತೆಯಲ್ಲಿ ಇಡುತ್ತದೆ. ಎರಡು ಖಾತೆ ಇದ್ದಮೇಲೆ ಎರಡು ಬೆಲೆಯನ್ನೂ ಇಡಬಹುದು. ಎಷ್ಟು ಬೆಲೆ ಎಂಬುದು ವಿಜ್ಞಾನದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರ ಅಕ್ಟೋಬರ್‌ನಲ್ಲಿ ಮಹಡಿಯ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಗೊತ್ತುಮಾಡಿತು. ಸಹಾಯಧನ ಪಡೆದವರಿಗೆ 7 ರೂಪಾಯಿ 20 ಪೈಸೆ. ಫಲಕಗಳು ಆಗ ದುಬಾರಿ, ಉತ್ತೇಜನ ಬೇಕಾಗಿತ್ತು. ಆದರೆ ಫಲಕಗಳ ಬೆಲೆ ಸರಸರನೆ ಇಳಿಯಿತು, ಹಳೆಯ ದರ ಬಂಗಾರದ ಗಣಿಯಾಯಿತು. 2016ರಲ್ಲಿ ಆಯೋಗ ದರ ತಗ್ಗಿಸಿತು, ಆಮೇಲೂ ತಗ್ಗಿಸುತ್ತ ಬಂತು. ಮೊದಲು ಹಾಕಿಸಿದವರು ಅದೃಷ್ಟವಂತರು, ತಡಮಾಡಿದವರು ಹಲುಬಿದರು.

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಂ. ಸೂರ್ಯಘರ್ ಯೋಜನೆ ತಂದು, 1 ಕಿಲೊವಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಅದಕ್ಕಿಂತ ಮೇಲಕ್ಕೆ 78 ಸಾವಿರ ರೂಪಾಯಿ ಸಹಾಯಧನ ಪ್ರಕಟಿಸಿತು. ಒಂದು ಕೋಟಿ ಮನೆಗಳು ಗುರಿ. ಬೆಂಗಳೂರಿನ ಬಿಸಿಲಿಗೆ 1 ಕಿಲೊವಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅದಕ್ಕೆ ನೆರಳು ಬೀಳದ ಸುಮಾರು 100 ಚದರಡಿ ಜಾಗ ಬೇಕು. 2 ಕಿಲೊವಾಟ್ ಹಾಕಿದರೆ ತಿಂಗಳಿಗೆ 240 ಯೂನಿಟ್.

ಇಲ್ಲಿ ಎರಡು ಸರ್ಕಾರಗಳ ಎರಡು ನೀತಿಗಳು ಒಂದೇ ಮೀಟರಿನ ಬಳಿ ಡಿಕ್ಕಿ ಹೊಡೆಯುತ್ತವೆ. ತಿಂಗಳಿಗೆ 150 ಯೂನಿಟ್ ಬಳಸುವ ಕುಟುಂಬಕ್ಕೆ ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆ. ಸಹಾಯಧನ ಕಳೆದರೂ ಹತ್ತಾರು ಸಾವಿರ ರೂಪಾಯಿ ಕೈಯಿಂದ ಹಾಕಿ ಅವರು ಫಲಕ ಹಾಕಿಸಿದರೆ ಉಳಿಸುವುದೇನು? ಸೊನ್ನೆಯಿಂದ ಎಷ್ಟು ಕಳೆದರೇನು! ಆದ್ದರಿಂದ ಅವರು ಹಾಕಿಸುವುದಿಲ್ಲ, ಹಾಕಿಸಬೇಕಾದ ಕಾರಣವೂ ಇಲ್ಲ. ತಿಂಗಳಿಗೆ 400 ಯೂನಿಟ್ ಬಳಸುವ ದೊಡ್ಡ ಮನೆಗೆ ಇಡೀ ಬಿಲ್ಲು ಬೀಳುವುದರಿಂದ ಲಾಭವಿದೆ. 2024ರ ದರಪಟ್ಟಿಯಲ್ಲಿ ಮನೆಬಳಕೆಯ ಸ್ಲ್ಯಾಬುಗಳನ್ನು ತೆಗೆದು ಎಲ್ಲರಿಗೂ ಯೂನಿಟ್ಟಿಗೆ 5 ರೂಪಾಯಿ 90 ಪೈಸೆ ಮಾಡಿದರು. ಆ ಲೆಕ್ಕದಲ್ಲಿ ತಿಂಗಳಿಗೆ 240 ಯೂನಿಟ್ ಎಂದರೆ 1416 ರೂಪಾಯಿ. ಐದಾರು ವರ್ಷದಲ್ಲಿ ಹಾಕಿದ ದುಡ್ಡು ಮರಳುತ್ತದೆ, ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ.

ಹೀಗೆ ಮಹಡಿಯ ಸೌರಶಕ್ತಿ ಯಾರ ಪಾಲಾಗುತ್ತದೆ ನೋಡಿ. ಸ್ವಂತ ಮನೆ, ಸ್ವಂತ ತಾರಸಿ, ಕೈಯಲ್ಲಿ ದುಡ್ಡು, ಮೂರೂ ಇದ್ದವರಿಗೆ. ಶಿವಾಜಿನಗರದ ಗಲ್ಲಿಗಳಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳಿವೆ. ಒಂದೇ ಕಟ್ಟಡದಲ್ಲಿ ನಾಲ್ಕು ಒಕ್ಕಲು, ತಾರಸಿ ಮಾತ್ರ ಮಾಲೀಕನದು. ಕೃಷ್ಣರಾಜಪುರದ ಸುತ್ತ ಬಾಡಿಗೆಯಲ್ಲಿರುವ ಯುವಕರಿಗೆ ಹನ್ನೊಂದು ತಿಂಗಳ ಕರಾರು. ಫಲಕವನ್ನು ಬೆನ್ನಿಗೆ ಕಟ್ಟಿಕೊಂಡು ಮನೆ ಬದಲಾಯಿಸಲು ಆಗುತ್ತದೆಯೇ? ಬಹುಮಹಡಿ ಫ್ಲ್ಯಾಟುಗಳಲ್ಲಿ ನೂರು ಮನೆಗೆ ಒಂದೇ ತಾರಸಿ, ಅದರಲ್ಲೂ ಅರ್ಧ ಜಾಗ ನೀರಿನ ಟ್ಯಾಂಕು ಮತ್ತು ಲಿಫ್ಟಿನ ಕೋಣೆಗೆ.

ಇದಕ್ಕೊಂದು ಉಪಾಯವನ್ನೂ ಅಂಕಿಯ ಮೀಟರೇ ತೋರಿಸಿದೆ. ಫಲಕ ಎಲ್ಲೋ ಒಂದು ಕಡೆ, ಒಂದು ಶಾಲೆಯ ತಾರಸಿಯ ಮೇಲೋ ಊರಾಚೆಯ ಬಯಲಿನಲ್ಲೋ ಇರಲಿ. ಅದರಲ್ಲಿ ಐವತ್ತು ಮನೆಗಳು ಪಾಲು ಹಾಕಲಿ. ಅಲ್ಲಿ ಹುಟ್ಟಿದ ಯೂನಿಟ್ಟುಗಳನ್ನು ಕಂಪ್ಯೂಟರು ಪಾಲಿನ ಪ್ರಕಾರ ಐವತ್ತು ಬಿಲ್ಲುಗಳಲ್ಲಿ ಕಳೆಯಲಿ. ತಂತಿಯಲ್ಲಿ ಯಾವ ಬದಲಾವಣೆಯೂ ಬೇಡ, ಲೆಕ್ಕದಲ್ಲಿ ಬದಲಾವಣೆ ಸಾಕು. ದೆಹಲಿಯ ನಿಯಂತ್ರಣ ಆಯೋಗ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಮಾಡಿತು. ಬಾಡಿಗೆಯವನು ಮನೆ ಬದಲಾಯಿಸಿದರೆ ಪಾಲು ಅವನ ಹಿಂದೆ ಹೋಗಬಲ್ಲದು. ಬೆಂಗಳೂರಿನಂತಹ ಬಾಡಿಗೆದಾರರ ಊರಿಗೆ ಇದಕ್ಕಿಂತ ಹೊಂದುವ ನೀತಿ ಇನ್ನೊಂದು ಸಿಗಲಾರದು.

ಸೂರ್ಯ ಬದಲಿಸಿದ ವೇಳಾಪಟ್ಟಿ

ಮನೆಯ ಮೇಲಿನ ಫಲಕಗಳು ಹನಿ ಹನಿಯಾದರೆ ಪಾವಗಡದ್ದು ಹೊಳೆ. ತುಮಕೂರು ಜಿಲ್ಲೆಯ ಈ ಬರಗಾಲದ ತಾಲ್ಲೂಕಿನಲ್ಲಿ ಸುಮಾರು 13 ಸಾವಿರ ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು 2050 ಮೆಗಾವಾಟ್‌ನ ಸೌರ ಪಾರ್ಕು ಕಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಗುತ್ತಿಗೆ ಎಂದು ಆರಂಭದಲ್ಲಿ ಗೊತ್ತಾಯಿತು. ಮೊದಲ ಹಂತ 2018ರಲ್ಲಿ, ಪೂರ್ತಿ ಪಾರ್ಕು 2019ರ ಕೊನೆಗೆ ಚಾಲೂ ಆಯಿತು.

ಇಷ್ಟೊಂದು ಸೌರ ವಿದ್ಯುತ್ತು ಮಧ್ಯಾಹ್ನ ಸುರಿದಾಗ ಹೊಸ ತಲೆನೋವು ಹುಟ್ಟಿತು. ವಿದ್ಯುತ್ತನ್ನು ಅಕ್ಕಿಯಂತೆ ಮೂಟೆ ಕಟ್ಟಿ ಇಡಲಾಗದು. ಹುಟ್ಟಿದ ಕ್ಷಣದಲ್ಲೇ ಖರ್ಚಾಗಬೇಕು. ಹೆಚ್ಚಾದರೂ ಕಡಿಮೆಯಾದರೂ ಜಾಲದ ಕಂಪನ ಸೆಕೆಂಡಿಗೆ 50ರಿಂದ ಆಚೀಚೆ ಸರಿಯುತ್ತದೆ. ಬೆಂಗಳೂರಿನ ರೇಸ್‌ಕೋರ್ಸ್ ಅಡ್ಡರಸ್ತೆಯಲ್ಲಿ ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರವೂ ಇಡೀ ದಕ್ಷಿಣ ಭಾರತದ ಕೇಂದ್ರವೂ ಅಕ್ಕಪಕ್ಕದಲ್ಲಿವೆ. ಅಲ್ಲಿನ ಎಂಜಿನಿಯರುಗಳು ಹಗಲಿರುಳು ಈ 50ನ್ನು ಕಾಯುತ್ತಾರೆ. ಮೋಡ ಬಂದರೆ ಎಷ್ಟು ಮೆಗಾವಾಟ್ ಬಿದ್ದೀತು, ಗಾಳಿ ಎದ್ದರೆ ಚಿತ್ರದುರ್ಗದ ಗಾಳಿಯಂತ್ರಗಳಿಂದ ಎಷ್ಟು ಬಂದೀತು ಎಂಬುದನ್ನು ಮುಂಚಿತವಾಗಿ ಹೇಳಲೇಬೇಕೆಂದು ಕರ್ನಾಟಕದ ಆಯೋಗ ಸೌರ ಮತ್ತು ಪವನ ಉತ್ಪಾದಕರಿಗೆ 2015ರ ನಿಯಮಾವಳಿಯಲ್ಲೇ ವಿಧಿಸಿತು. ಮುನ್ನೋಟ ತಪ್ಪಿದರೆ ದಂಡ. ಹವಾಮಾನ ಹೇಳುವ ಕೆಲಸಕ್ಕೆ ವಿದ್ಯುತ್ ಇಲಾಖೆಯಲ್ಲಿ ಬೆಲೆ ಬಂದದ್ದು ಹೀಗೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು ಹೊಲದಲ್ಲಿ. ಹಿಂದೆ ಪಂಪಿಗೆ ತ್ರೀಫೇಸ್ ಕರೆಂಟು ಬರುತ್ತಿದ್ದುದು ಹೆಚ್ಚಾಗಿ ರಾತ್ರಿ, ನಗರ ಮಲಗಿದ ಮೇಲೆ ಉಳಿದದ್ದು. ಸರಿರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋದ ರೈತರು ಹಾವು ಕಚ್ಚಿಯೋ ತಂತಿ ತಗುಲಿಯೋ ಸತ್ತ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇದ್ದವು. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಮಾರ್ಗವನ್ನೂ ಪಂಪುಗಳ ಮಾರ್ಗವನ್ನೂ ಬೇರ್ಪಡಿಸಿದರು. ಆಮೇಲೆ ಸೌರ ವಿದ್ಯುತ್ತು ಹೆಚ್ಚಿದಂತೆ ಪಂಪುಗಳ ವೇಳೆಯನ್ನು ಹಗಲಿಗೆ ಸರಿಸುವುದು ಸಾಧ್ಯವಾಯಿತು. 2024ರ ಬೇಸಗೆಯಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವಾಟ್ ದಾಟಿತು. ಸಂಜೆ ಏಳಕ್ಕೆ ಬೇಡಿಕೆ ಹೆಚ್ಚು ಎಂದು ಹಳೆಯ ಪುಸ್ತಕಗಳಲ್ಲಿ ಓದುತ್ತಿದ್ದ ಕಾಲ ಹೋಗಿ, ಕರ್ನಾಟಕದಲ್ಲಿ ಹಗಲೇ ಬೇಡಿಕೆಯ ಶಿಖರವಾಗಿದೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನ ತೊಂಡೇಭಾವಿಯಲ್ಲಿ, ಪಂಪುಗಳ ಮಾರ್ಗಕ್ಕೇ ನೇರವಾಗಿ ಸೌರ ವಿದ್ಯುತ್ತು ಕೊಡುವ ಕುಸುಮ್ ಯೋಜನೆಯ ಘಟಕಕ್ಕೆ ಚಾಲನೆ ಸಿಕ್ಕಿತು. ರೈತ ಹಗಲಲ್ಲಿ ನೀರು ಹಾಯಿಸಿ ರಾತ್ರಿ ಮಲಗಬಹುದಾದರೆ, ಈ ಇಡೀ ಬದಲಾವಣೆಯಲ್ಲಿ ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿಲ್ಲ.

ಸಂಜೆಯ ಪ್ರಶ್ನೆ ಮಾತ್ರ ಉಳಿದಿದೆ. ಸೂರ್ಯ ಮುಳುಗುತ್ತಾನೆ, ನಗರ ಎಚ್ಚರವಾಗುತ್ತದೆ. ಈಗ ಅದಕ್ಕೆ ವಿದ್ಯುತ್ ವಾಹನಗಳೂ ಸೇರಿವೆ. ವಿದ್ಯುತ್ ವಾಹನಗಳಿಗೆಂದೇ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಮರುವರ್ಷ ಏಥರ್ ಕಂಪೆನಿ ತನ್ನ ಸ್ಕೂಟರಿನ ಮೊದಲ ಮಳಿಗೆ ತೆರೆದದ್ದು ಇಂದಿರಾನಗರದಲ್ಲೇ. ಕೆಲಸದಿಂದ ಬಂದ ಹತ್ತು ಸಾವಿರ ಜನ ಸಂಜೆ ಏಳಕ್ಕೆ ಒಟ್ಟಿಗೆ 700 ವಾಟ್‌ನ ಚಾರ್ಜರು ಸಿಕ್ಕಿಸಿದರೆ 7 ಮೆಗಾವಾಟ್ ಒಮ್ಮೆಲೇ ಬೇಕು. ಅದೇ ಸ್ಕೂಟರುಗಳು ಕಚೇರಿಯಲ್ಲಿ ಮಧ್ಯಾಹ್ನ ಚಾರ್ಜಾದರೆ ಪಾವಗಡದ ಬಿಸಿಲೇ ಸಾಕು.

ಸಂಜೆಗೆಂದು ವಿದ್ಯುತ್ತನ್ನು ಕೂಡಿಡಲು ಒಂದು ದಾರಿ ಶರಾವತಿಯ ಕಣಿವೆಯಲ್ಲಿ ಪಂಪ್ಡ್ ಸ್ಟೋರೇಜ್ ಕಟ್ಟುವುದು. ಹಗಲು ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತುವುದು, ಸಂಜೆ ಬಿಟ್ಟು 2000 ಮೆಗಾವಾಟ್ ಪಡೆಯುವುದು. ಆದರೆ ಅದು ಸಿಂಗಳೀಕಗಳ ಅಭಯಾರಣ್ಯ. ಇದಕ್ಕೆ ಅಲ್ಲಿನ ಜನರ, ಪರಿಸರ ಪ್ರೇಮಿಗಳ ವಿರೋಧ ಜೋರಾಗಿದೆ. ಬೆಂಗಳೂರಿನ ಸಂಜೆಯ ದೀಪಕ್ಕೂ ಮಲೆನಾಡಿನ ಸಿಂಗಳೀಕಕ್ಕೂ ಹೀಗೆ ನಂಟು ಬಿದ್ದಿದೆ.

ಇನ್ನೊಂದು ದಾರಿ ಬೆಲೆಯದು. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಬಳಕೆದಾರರ ಹಕ್ಕುಗಳ ನಿಯಮ ತಿದ್ದಿ, ಬಿಸಿಲಿರುವ ಹೊತ್ತಿನಲ್ಲಿ ದರ ಕನಿಷ್ಠ ಶೇಕಡಾ 20 ಕಡಿಮೆ, ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಶೇಕಡಾ 10ರಿಂದ 20 ಹೆಚ್ಚು ಇರಬೇಕೆಂದಿತು. ಕೃಷಿಯನ್ನು ಇದರಿಂದ ಹೊರಗಿಟ್ಟಿತು. ಮನೆಗಳಿಗೂ ಅನ್ವಯ, ಆದರೆ ಸ್ಮಾರ್ಟ್ ಮೀಟರು ಬಂದ ಮೇಲೆ. ಏಕೆಂದರೆ ‘ಯಾವಾಗ’ ಎಂಬುದನ್ನು ಅರಿಯದ ಮೀಟರಿನಿಂದ ಹೊತ್ತಿಗೊಂದು ದರ ಹಾಕಲಾಗದು. ಬೆಳಿಗ್ಗೆ ಐದಕ್ಕೆ ಎದ್ದು ಮಿಕ್ಸಿ ಹಾಕುವ ಮನೆಯಾಕೆಗೆ, ಸಂಜೆ ದುಡಿದು ಬಂದು ಬಟ್ಟೆ ಒಗೆಯುವ ಕುಟುಂಬಕ್ಕೆ ಹೊತ್ತು ಬದಲಿಸುವ ಸ್ವಾತಂತ್ರ್ಯ ಎಷ್ಟಿದೆ? ದರ ಗೊತ್ತುಮಾಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪೆಟ್ಟಿಗೆ ಏನನ್ನು ನೋಡುತ್ತದೆ?

2025ರ ಫೆಬ್ರುವರಿಯಿಂದ ಬೆಸ್ಕಾಂ ನಗರ ಪ್ರದೇಶದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಿತು. ಮೀಟರಿನ ಬೆಲೆಯ ಬಗ್ಗೆ ಗದ್ದಲವೆದ್ದು ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಬೆಲೆಯ ಜಗಳ ಎಲ್ಲರಿಗೂ ತಿಳಿಯುತ್ತದೆ. ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಸಂಗತಿ ಇದೆ.

ಅರ್ಧ ಗಂಟೆಗೊಮ್ಮೆ ಓದು ಕಳುಹಿಸುವ ಮೀಟರಿನ ಅಂಕಿಗಳನ್ನು ಒಂದು ವಾರ ನೋಡಿದರೆ ಆ ಮನೆಯವರು ಎಷ್ಟು ಗಂಟೆಗೆ ಏಳುತ್ತಾರೆ, ಯಾವಾಗ ಮನೆಗೆ ಬೀಗ ಹಾಕುತ್ತಾರೆ, ಹಬ್ಬಕ್ಕೆ ಊರಿಗೆ ಹೋದರೇ ಇಲ್ಲವೇ ಎಂದು ಹೇಳಬಹುದು. ನೆದರ್ಲೆಂಡ್ಸ್ ದೇಶದಲ್ಲಿ 2009ರಲ್ಲಿ ಸಂಸತ್ತಿನ ಮೇಲ್ಮನೆ ಇದೇ ಕಾರಣಕ್ಕೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸುವ ಮಸೂದೆಯನ್ನು ತಡೆಯಿತು. ಕೊನೆಗೆ, ಬೇಡವೆನ್ನುವವರಿಗೆ ಬೇಡವೆನ್ನುವ ಅವಕಾಶವಿಟ್ಟು ಅಲ್ಲಿ ಕಾನೂನು ಬಂತು. ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಬೆಂಗಳೂರಿನಲ್ಲೇ ನೆಲೆಸಿದ್ದ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಹೂಡಿದ್ದು ಆಧಾರ್ ಕುರಿತ ಮೊಕದ್ದಮೆ. ಅದರ ತೀರ್ಪು ಮಾತ್ರ ಮನೆಯ ಮೀಟರಿಗೂ ಅನ್ವಯಿಸುತ್ತದೆ. ಓದು ಎಷ್ಟು ದಿನ ಇರುತ್ತದೆ, ಯಾರು ನೋಡಬಹುದು, ಮಾರಬಹುದೇ ಎಂಬ ಪ್ರಶ್ನೆಗಳನ್ನು ಮೀಟರು ಗೋಡೆಗೆ ಏರುವ ಮೊದಲೇ ಕೇಳಬೇಕು.

ಕೇಳುವುದೆಲ್ಲಿ? ದಂಡು ಪ್ರದೇಶದಲ್ಲೇ, ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬೆಡ್ ಪ್ರದೇಶದಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕಚೇರಿಯಿದೆ. ಹೆಸರೇ ಹೇಳುವಂತೆ ಅದು ಒಂದು ಕೆರೆಯ ಅಂಗಳ. ಕೆರೆ ಹೋಗಿ ಕಟ್ಟಡಗಳು ಬಂದಿವೆ. ವಿದ್ಯುತ್ ಕಂಪೆನಿ ದರ ಏರಿಸಬೇಕೆಂದರೆ ಈ ಆಯೋಗಕ್ಕೆ ಅರ್ಜಿ ಹಾಕಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೆಯ ಕಲಮಿನ ಪ್ರಕಾರ ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು, ಸಾರ್ವಜನಿಕರ ಸಲಹೆ ಮತ್ತು ಆಕ್ಷೇಪಣೆಗಳನ್ನು ಪರಿಗಣಿಸಬೇಕು, 120 ದಿನಗಳೊಳಗೆ ಆದೇಶ ಹೊರಡಿಸಬೇಕು. ಪತ್ರಿಕೆಗಳಲ್ಲಿ ಸಣ್ಣ ಅಕ್ಷರದಲ್ಲಿ ಬರುವ ‘ಸಾರ್ವಜನಿಕ ಪ್ರಕಟಣೆ’ ಇದೇ. ಬಹುಮಂದಿ ಅದನ್ನು ದಾಟಿ ಕ್ರಿಕೆಟ್ ಪುಟಕ್ಕೆ ಹೋಗುತ್ತಾರೆ.

ವಿಚಾರಣೆಗೆ ಬರುವವರಲ್ಲಿ ಕೈಗಾರಿಕೆಗಳ ಸಂಘದವರು, ರೈತ ಮುಖಂಡರು, ನಿವೃತ್ತ ಎಂಜಿನಿಯರುಗಳು ಹೆಚ್ಚು. ಬಾಡಿಗೆದಾರರ ಪರವಾಗಿ, ಮಹಡಿ ಇಲ್ಲದವರ ಪರವಾಗಿ ಮಾತಾಡುವವರು ವಿರಳ. ಪದವಿ ಬೇಕಿಲ್ಲ, ವಕೀಲರೂ ಬೇಕಿಲ್ಲ. ಕನ್ನಡದಲ್ಲಿ ಬರೆದು ಕೊಟ್ಟರಾಯಿತು. ಹೀಗೆ ಬಂದ ಒಂದೊಂದು ಆಕ್ಷೇಪಣೆಯನ್ನೂ, ಅದಕ್ಕೆ ಬೆಸ್ಕಾಂ ಕೊಟ್ಟ ಉತ್ತರವನ್ನೂ, ಆಯೋಗದ ಅಭಿಪ್ರಾಯವನ್ನೂ ದರ ಆದೇಶದಲ್ಲೇ ಅಚ್ಚು ಮಾಡುತ್ತಾರೆ. ಆ ಆದೇಶಗಳು ಆಯೋಗದ ಜಾಲತಾಣದಲ್ಲಿ ವರ್ಷವಾರು ಸಿಗುತ್ತವೆ, ಯಾರು ಬೇಕಾದರೂ ತೆರೆದು ಓದಬಹುದು.